ಒಬ್ಬರ ಹೊರಗಾಳಿ, ಇನ್ನೊಬ್ಬರ ಒಳಗಾಳಿ

 

ಬಹಳ ವರ್ಷಗಳಿಂದ ಕೊರೆಯುತ್ತಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಸಿರು ಕಟ್ಟಡ ಎಂದರೆ ಹೊಸ ಕಟ್ಟಡ ಎಂದುಕೊಂಡೆವಲ್ಲ, ನಾವು ದಾರಿ ತಪ್ಪಿದ್ದು ಅಲ್ಲೇ. ಬೆಂಗಳೂರಿನ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ಶುರುವಾದ ಊರು. ಅಲ್ಲಿನ ಹಳೆಯ ಹಂಚಿನ ಮನೆಗಳಿಗೆ ಎತ್ತರದ ಸೂರಿತ್ತು, ಗೋಡೆಯ ನೆತ್ತಿಯಲ್ಲಿ ಗಾಳಿಕಿಂಡಿಯಿತ್ತು. ಅದೇ ಊರಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ತೆರೆಯಲು ಬಾರದ ಗಾಜಿನ ಗೋಡೆ ಎಬ್ಬಿಸಿ, ಉಸಿರಾಟವನ್ನು ಯಂತ್ರಕ್ಕೊಪ್ಪಿಸಿ, ಪ್ರಮಾಣಪತ್ರ ಪಡೆದೆವು. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಕಡೆ ತಿರುಗಿಯೂ ನೋಡಲಿಲ್ಲ.

ಧೂಳಿನ ಕಣ ಅಳೆದವರು, ವೆಲ್ಡಿಂಗ್ ಹೊಗೆಯನ್ನು ಅಭ್ಯಾಸ ಮಾಡಿದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೆಮ್ಮಿನ ಬಗ್ಗೆ ಬರೆದವರು ಈ ಸಂಕಿರಣದಲ್ಲೇ ಇದ್ದಾರೆ. ಅವರ ವಿಷಯವನ್ನು ಅವರಿಗೇ ಬಿಡುತ್ತೇನೆ. ಒಂದೇ ಮಾತು: ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ 2009ರ ಮಾನದಂಡ ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ. ಅದು ಬೀದಿಯ ಗಾಳಿಗೆ ಇಟ್ಟ ಮಿತಿ. ಲೇತ್ ಮುಂದೆ ಎಂಟು ಗಂಟೆ ನಿಂತವರ ಮೂಗಿನ ಬಳಿ ಯಾವ ಗಾಳಿಯಿದೆ ಎಂದು ಬೀದಿಯ ಮಾಪಕ ಹೇಳುವುದಿಲ್ಲ.

ಹಳೆಯ ಕಟ್ಟಡಕ್ಕೆ ಹೊಸ ಬಾಳು ಕೊಟ್ಟವರೂ ಇದ್ದಾರೆ. ಗಡಿಯಾರದ ಎಚ್‌ಎಂಟಿಯವರು ಜಾಲಹಳ್ಳಿಯ ತಮ್ಮ ಹಳೆಯ ಬಂಗಲೆಯೊಂದನ್ನು 2019ರಲ್ಲಿ ಸಂಗ್ರಹಾಲಯ ಮಾಡಿದರು. ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಖಾಲಿಯಾದ ಮನೆಯನ್ನು ಬದಲಿಸುವುದು ಒಂದು ಕೆಲಸ, ಯಂತ್ರ ತಿರುಗುತ್ತಿರುವ ಶೆಡ್ಡನ್ನು ಬದಲಿಸುವುದು ಬೇರೆಯೇ ಕೆಲಸ.

ಅಂಥದ್ದೊಂದನ್ನು ಬದಲಿಸಲು ಹೋಗಿದ್ದೆ: ಪೀಣ್ಯ ಎರಡನೇ ಹಂತದ ಒಂದು ಶೆಡ್ಡು. ಆಸ್ಬೆಸ್ಟಾಸ್ ಶೀಟಿನ ಮಾಡು. ದೇವಿಯ ಫೋಟೋ ಮುಂದೆ ಉರಿಯುತ್ತಿದ್ದ ಊದುಬತ್ತಿಯನ್ನು, ಮಾಲೀಕರ ಅಪ್ಪಣೆ ಪಡೆದು, ಲೇತ್ ಪಕ್ಕ ಹಿಡಿದೆ. ಹೊಗೆ ತಲೆಯ ಮಟ್ಟಕ್ಕೇರಿ, ಅಲ್ಲೇ ಚಾಪೆಯಂತೆ ಹರಡಿ ನಿಂತುಬಿಟ್ಟಿತು. ಮಾಡಿನ ನೆತ್ತಿಯ ಗಾಳಿದಾರಿಗೆ, ಮಳೆ ಸೋರುತ್ತದೆಂದು, ಯಾರೋ ಹಿಂದೆಯೇ ತಗಡು ಬಡಿದಿದ್ದರು. ಹಳೆಯ ಶೀಟನ್ನು ಕೊರೆದರೆ, ಒಡೆದರೆ ಆಸ್ಬೆಸ್ಟಾಸ್ ನಾರು ಗಾಳಿಗೆ ಬರುತ್ತದೆ. ಅದಕ್ಕೇ ಶೀಟು ಮುಟ್ಟದೆ ತಗಡನ್ನಷ್ಟೇ ಬಿಚ್ಚಿಸಿ, ಮಳೆ ಬೀಳದಂತೆ ಮೇಲೊಂದು ಟೋಪಿ ಕೂರಿಸಿ, ಗೋಡೆಯ ಬುಡದಲ್ಲಿ ಇಟ್ಟಿಗೆ ತೆಗೆಸಿ ಕಿಂಡಿ ಮಾಡಿಸಿದೆವು. ಬಿಸಿಗಾಳಿ ಮೇಲೆ ಹೋಗಬೇಕಾದರೆ ತಣ್ಣನೆಯ ಗಾಳಿ ಕೆಳಗಿಂದ ಬರಬೇಕು. ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರಿತು. ಅಲ್ಲಿದ್ದ ಹುಡುಗರು ಚಪ್ಪಾಳೆ ತಟ್ಟಿದರು.

ಒಂದು ವಾರದಲ್ಲೇ ಮಾಲೀಕರ ಫೋನು ಬಂತು. ಪಕ್ಕದ ಕ್ರೋಮ್ ಪ್ಲೇಟಿಂಗ್ ಘಟಕದ ಘಾಟು ಅದೇ ಕಿಂಡಿಯಿಂದ ಒಳಗೆ ನುಗ್ಗುತ್ತಿತ್ತು. ಕ್ರೋಮಿಕ್ ಆಮ್ಲದ ಆ ಹಬೆ ಮೂಗಿನ ನಡುಗೋಡೆಯನ್ನು ಹುಣ್ಣಾಗಿಸಿ ತೂತು ಮಾಡಬಲ್ಲದು, ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಪ್ಲೇಟಿಂಗ್ ತೊಟ್ಟಿಯ ಅಂಚಿನಲ್ಲೇ ಹಬೆ ಹೀರಿ, ತೊಳೆದು ಬಿಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಗೆ ಗೋಡೆ ತಾಗಿದ ಆ ಸಾಲಿನಲ್ಲಿ ಒಬ್ಬರ ಹೊರಗಾಳಿ ಇನ್ನೊಬ್ಬರ ಒಳಗಾಳಿ. ಹಾಗಾದರೆ ಕಿಂಡಿ ಯಾವ ಕಡೆ ತೆಗೆಯಬೇಕು? ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಮಾಗಿಯದು ಮೂಡಣದಿಂದ. ಜೂನ್‌ನಲ್ಲಿ ಒಳ್ಳೆಯದಾದ ಕಿಂಡಿ ಡಿಸೆಂಬರಿನಲ್ಲಿ ಕೆಟ್ಟದ್ದಾಗುತ್ತದೆ. ಈ ಪ್ರಶ್ನೆ ನನಗೆ ಇನ್ನೂ ಬಗೆಹರಿದಿಲ್ಲ.

ನಮ್ಮ ಕಟ್ಟಡ ಸಂಹಿತೆ, ನಕ್ಷೆ, ಪ್ರಮಾಣಪತ್ರ ಎಲ್ಲವೂ ಒಂದು ಕಟ್ಟಡವನ್ನು ಮಾತ್ರ ಕಾಣುತ್ತವೆ. ಗಾಳಿಗೆ ನಿವೇಶನದ ಗಡಿ ಗೊತ್ತಿಲ್ಲ. ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಸಂಕಿರಣದ ಈ ಎರಡು ದಿನದಲ್ಲಿ ಪೀಣ್ಯದ ಒಂದೇ ಒಂದು ಅಡ್ಡರಸ್ತೆಯನ್ನು ಆರಿಸಿಕೊಳ್ಳಿ. ಯಾರು ಎಲ್ಲಿ ಹೊಗೆ ಬಿಡುತ್ತಾರೆ, ಯಾರು ಎಲ್ಲಿ ಗಾಳಿ ತೆಗೆದುಕೊಳ್ಳುತ್ತಾರೆ ಎಂದು ಇಡೀ ಸಾಲನ್ನು ಒಂದೇ ಹಾಳೆಯ ಮೇಲೆ ಬರೆಯಿರಿ, ಎರಡೂ ಋತುಗಳಿಗೆ. ಆಮೇಲೆ ಕಿಂಡಿಯ ಮಾತಾಡೋಣ.

ಆ ಮಾಲೀಕರು ಕಿಂಡಿಗಳಿಗೆ ಗೋಣಿಚೀಲ ತುರುಕಿದ್ದಾರೆ. ಸಿಮೆಂಟ್ ಹಾಕಿ ಮುಚ್ಚಿಲ್ಲ.