ಕಾಡಿನ ನೆಲದೊಳಗಣ ಒಕ್ಕಲು



ಕಾಡೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಹೆಮ್ಮರಗಳು, ಹುಲಿ, ಆನೆ, ಕಡವೆಗಳು. ಆ ಮರಗಳ ಬುಡದಲ್ಲಿ ಒಂದು ಹಿಡಿ ತರಗೆಲೆಯನ್ನು ಸರಿಸಿ ನೋಡಿದರೆ, ಅಲ್ಲಿ ಬೇರೊಂದು ಪ್ರಜಾವರ್ಗವೇ ಉಂಟು. ಎರೆಹುಳು, ಗೆದ್ದಲು, ಸಹಸ್ರಪದಿ, ಕಣ್ಣಿಗೆ ಕಂಡೂ ಕಾಣದ ನುಸಿಗಳು, ಇವೆಲ್ಲ ಆ ನೆಲದ ಒಕ್ಕಲು. ಉದುರಿದ ಎಲೆಯನ್ನು ತುಂಡರಿಸಿ, ತಿಂದು, ಮಣ್ಣಿನೊಡನೆ ಬೆರೆಸಿ, ಅದನ್ನು ಬೇಗ ಕೊಳೆಯುವಂತೆ ಮಾಡುವುದು ಇವುಗಳ ಕಾಯಕ. ಎಲೆಯಲ್ಲಿದ್ದ ಸಾರವು ಮರಳಿ ಬೇರಿಗೆ ಸಲ್ಲುವುದು ಹೀಗೆ.

ಈ ವಿಷಯದ ಮಹತ್ವವನ್ನು ಮೊದಲು ಕಂಡವರಲ್ಲಿ ಡೆನ್ಮಾರ್ಕ್ ದೇಶದ ಅರಣ್ಯಶಾಸ್ತ್ರಜ್ಞ ಪಿ. ಇ. ಮ್ಯುಲರ್ ಒಬ್ಬನು. ತನ್ನ ದೇಶದ ಬೀಚ್ ಮರಗಳ ಕಾಡುಗಳಲ್ಲಿ ಎರಡು ಬಗೆಯ ನೆಲವಿರುವುದನ್ನು ಅವನು 1879ರಲ್ಲಿ ವಿವರಿಸಿದನು. ಒಂದು ಕಡೆ ಎರೆಹುಳುಗಳು ಸಮೃದ್ಧವಾಗಿದ್ದು, ಎಲೆಯ ಕೊಳೆತವು ಮಣ್ಣಿನೊಡನೆ ಬೆರೆತು ನೆಲವು ಸಡಿಲವಾಗಿದ್ದಿತು. ಇನ್ನೊಂದು ಕಡೆ ಅವು ವಿರಳವಾಗಿದ್ದು, ಅರೆಕೊಳೆತ ಎಲೆಯು ಬೇರು ಬೂಷ್ಟುಗಳ ಎಳೆಗಳಿಂದ ಹೆಣೆದುಕೊಂಡು ಚಾಪೆಯಂತೆ ಹಾಸಿಕೊಂಡಿದ್ದಿತು. ಅಂತಹ ನೆಲದಲ್ಲಿ ಬೀಚ್ ಸಸಿಗಳು ಏಳುವುದೇ ಕಷ್ಟ. ಎರಡು ವರ್ಷಗಳ ತರುವಾಯ, 1881ರಲ್ಲಿ, ಡಾರ್ವಿನ್ನನು ತನ್ನ ಎರೆಹುಳುಗಳ ಗ್ರಂಥವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಅನೇಕ ಪ್ರದೇಶಗಳಲ್ಲಿ ಅವು ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣನ್ನು ಮೇಲಕ್ಕೆ ತರುತ್ತವೆಂದು ಅವನ ಲೆಕ್ಕ.

ಹಾಗಾದರೆ ಅರಣ್ಯವನ್ನು ಆಳುವವನ ಒಂದೊಂದು ಅಪ್ಪಣೆಯೂ ಈ ಪ್ರಜೆಗಳಿಗೆ ತಟ್ಟುವುದು ಸಹಜವಷ್ಟೆ. ಮರಗಳನ್ನೆಲ್ಲ ಒಂದೇ ಸಲ ಕಡಿದರೆ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು ತೇವವು ಆರಿಹೋಗುವುದು. ತೆಳುವಾದ ಚರ್ಮದ ಜೀವಿಗಳಿಗೆ ಅದು ಪ್ರಾಣಾಂತಿಕ. ಭಾರವಾದ ಯಂತ್ರಗಳು ಓಡಾಡಿದರೆ ಮಣ್ಣಿನ ಸಂದುಗಳು ಅದುಮಿಹೋಗಿ, ಸ್ವತಃ ಬಿಲ ತೋಡಲಾರದ ಕಿರುಜೀವಿಗಳಿಗೆ ಇರಲು ಎಡೆಯಿಲ್ಲದಾಗುವುದು. ಬೆಂಕಿಯು ಅವುಗಳ ಮನೆಯನ್ನೂ ಆಹಾರವನ್ನೂ ಒಟ್ಟಿಗೆ ಸುಡುವುದು. ಒಂದೇ ಜಾತಿಯ ಮರವನ್ನು ನೆಟ್ಟರೆ ಊಟವೂ ಒಂದೇ ಬಗೆಯದಾಗುವುದು. ನಮ್ಮ ಮಲೆನಾಡಿನ ನೆಡುತೋಪುಗಳ ಅಕೇಶಿಯಾ ಎಲೆಯು ಗಡುಸಾದುದು, ನಿಧಾನವಾಗಿ ಕೊಳೆಯತಕ್ಕದ್ದು.

ಮಲೆನಾಡಿನಲ್ಲಿ ಮತ್ತೊಂದು ಪ್ರಶ್ನೆಯುಂಟು. ಅಡಕೆಯ ತೋಟದ ರೈತನು ಸೊಪ್ಪಿನಬೆಟ್ಟದಿಂದ ಸೊಪ್ಪನ್ನೂ ದರಕನ್ನೂ ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತಾನೆ. ಅವನು ಬದುಕುವುದು ಅದರಿಂದ. ಅದನ್ನು ಕೂಡದೆನ್ನುವುದು ನ್ಯಾಯವಲ್ಲ. ಆದರೆ ಬೆಟ್ಟವನ್ನು ವರ್ಷವರ್ಷವೂ ಗುಡಿಸಿ ತಂದರೆ, ತೋಟಕ್ಕೆ ಉಣಿಸಿ ಬೆಟ್ಟವನ್ನು ಉಪವಾಸ ಕೆಡವಿದಂತಾಗುವುದು. ಮುಂದೆ ಸೊಪ್ಪು ಕೊಡಬೇಕಾದುದೂ ಆ ಬೆಟ್ಟವೇ.

ಉಪಾಯಗಳು ದುಬಾರಿಯಾದುವಲ್ಲ. ಬೆಟ್ಟವನ್ನು ಭಾಗಮಾಡಿ, ಸರದಿಯಂತೆ ಒಂದೊಂದು ಭಾಗದ ದರಕನ್ನು ಮುಟ್ಟದೆ ಬಿಡಬಹುದು. ಬಿದ್ದ ಮರಗಳಲ್ಲಿ ಕೆಲವನ್ನು ಬಿದ್ದಲ್ಲಿಯೇ ಕೊಳೆಯಗೊಡಬಹುದು. ಇಡೀ ಕಾಡನ್ನು ಬೋಳಿಸದೆ ನೆರಳುಳಿಯುವಂತೆ ಅಲ್ಲಲ್ಲಿ ಕಡಿಯಬಹುದು. ನೆಡುವಾಗ ನಾಲ್ಕಾರು ಜಾತಿಗಳನ್ನು ಬೆರೆಸಬಹುದು. ಮರಗಳ ಲೆಕ್ಕ ಬರೆಯುವ ಪುಸ್ತಕದಲ್ಲಿ ತರಗೆಲೆಗೂ ಒಂದು ಪುಟವಿದ್ದರೆ, ನಮ್ಮ ಮಕ್ಕಳ ಪಾಲಿಗೆ ಕಾಡು ಉಳಿದೀತು.