ದಿನಕ್ಕೊಂದು ಮಿಲಿಮೀಟರ್

ಇಂದಿನಿಂದ ಡಾಕ್ಟರ್ ಎನಿಸಿಕೊಳ್ಳುವ ಮಕ್ಕಳೇ, ಅವರನ್ನು ಓದಿಸಿ ಸುಸ್ತಾಗಿರುವ ತಂದೆತಾಯಿಯರೇ,

ಪದಕಗಳ ಬಗ್ಗೆ ಸಾಕಷ್ಟು ಮಾತಾಗಿದೆ. ನಾನು ಕೊಬ್ಬಿನ ಬಗ್ಗೆ ಮಾತಾಡುತ್ತೇನೆ, ನಗಬೇಡಿ.

ನಾನು ಕೈಯ ನರ ಹೊಲಿಯುವವನು. ನಾವು ಕಲಿಯುವಾಗ ಕೊಬ್ಬೆಂದರೆ ಚಾಕುವಿಗೆ ಅಡ್ಡ ಬರುವ ಹಳದಿ ಪದಾರ್ಥ; ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದೆವು. 2001ರಲ್ಲಿ ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು, ಹೀರಿ ತೆಗೆದ ಕೊಬ್ಬಿನಲ್ಲೂ ಕಾಂಡಕೋಶಗಳಿವೆ ಎಂದು ತೋರಿಸಿದ ಮೇಲೆ ಅದಕ್ಕೆ ಮರ್ಯಾದೆ ಬಂತು. ಈಗ ಹೊಟ್ಟೆಯಿಂದಲೋ ತೊಡೆಯಿಂದಲೋ ಸ್ವಲ್ಪ ಕೊಬ್ಬು ತೆಗೆದು, ಶುಚಿಮಾಡಿ, ಹೊಲಿದ ನರದ ಸುತ್ತ ಹಾಕುವವರಿದ್ದಾರೆ. ನರ ಸೈಕಲ್ಲಿನ ಬ್ರೇಕ್ ವೈರಿನಂತೆ. ಮೊಣಕೈ ಮಡಚಿದಾಗಲೆಲ್ಲ ಜಾರಬೇಕು. ಗಾಯ ಮಾಯುವಾಗ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡರೆ ಎಳೆತ, ನೋವು. ಕೊಬ್ಬು ಅಂಟದಂತೆ ಮೆತ್ತೆಯಾಗುತ್ತದೆ. ಅದರ ಕೋಶಗಳು ನರ ಮತ್ತು ರಕ್ತನಾಳ ಚಿಗುರಲು ನೆರವಾಗುವ ಅಂಶಗಳನ್ನೂ ಒಸರುತ್ತವೆ. ಇಲಿಗಳ ಸಯಾಟಿಕ್ ನರದಲ್ಲಿ ಒಳ್ಳೆಯ ಫಲ ಕಂಡಿದೆ. ಮನುಷ್ಯರಲ್ಲಿ ಪುರಾವೆ ಇನ್ನೂ ತೆಳು. ಹಾಕಿದ ಕೊಬ್ಬಿನಲ್ಲಿ ಒಂದಷ್ಟು ಕರಗಿಯೂ ಹೋಗುತ್ತದೆ. ನನಗೆ ಇದರ ಮೇಲೆ ಆಸೆಯಿದೆ. ಆದರೆ ‘ಸ್ಟೆಮ್ ಸೆಲ್’ ಎಂದು ಬೋರ್ಡು ಬರೆಸಿ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಆ ಬೋರ್ಡಿನಲ್ಲಿ ನಿಮ್ಮ ಹೆಸರು ಕಾಣದಿರಲಿ.

ಕೊಬ್ಬು ಹಾಕಿದರೂ ಬಿಟ್ಟರೂ ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಇದನ್ನು ಕಲಿಸಿದ್ದು ನಮ್ಮ ಮೇಷ್ಟ್ರು. ಮೊಣಕೈ ಕೆಳಗೆ ಗಾಜು ಬಡಿದಿದ್ದ ಬಡಗಿಯೊಬ್ಬರು ಬರುತ್ತಿದ್ದರು. ಕಿರುಬೆರಳನ್ನು ಬೀಡಿ ಸುಟ್ಟಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ. ಮೇಷ್ಟ್ರು ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ನರದ ದಾರಿಯುದ್ದಕ್ಕೂ ಬೆರಳಲ್ಲಿ ತಟ್ಟುತ್ತ ಬರುವರು. ಎಲ್ಲಿ ಜುಮ್ಮೆಂದಿತೋ ಅಲ್ಲಿ ಪೆನ್ನಿನ ಗುರುತು, ಟೈಲರ್ ಟೇಪಿನ ಅಳತೆ, ಚೀಟಿಯ ಹಿಂದೆ ತಾರೀಕು. 1915ರಲ್ಲಿ ಫ್ರಾನ್ಸಿನ ಟಿನೆಲ್, ಜರ್ಮನಿಯ ಹಾಫ್‌ಮನ್ ಬೇರೆ ಬೇರೆಯಾಗಿ ಬರೆದಿಟ್ಟ ಪರೀಕ್ಷೆ ಅದು. ಖರ್ಚಿಲ್ಲ. ಗುರುತು ಮಣಿಕಟ್ಟಿನತ್ತ ಸರಿದ ತಿಂಗಳು ಬಡಗಿಗಿಂತ ಮೇಷ್ಟ್ರೇ ಹೆಚ್ಚು ಹಿಗ್ಗುತ್ತಿದ್ದರು.

ಆಪರೇಷನ್ ಮಾಡಿದ ಸಂಜೆಯೇ ಫೋಟೊ ಹಾಕುವ ಆತುರ ನಿಮಗೆ. ನರದ ಫಲಿತಾಂಶ ಆ ಸಂಜೆ ಇರುವುದಿಲ್ಲ, ಮುಂದಿನ ವರ್ಷ ಇರುತ್ತದೆ. ಆಗ ರೋಗಿ ಬಂದರಾ ಎಂದು ಎಷ್ಟು ಜನ ನೋಡುತ್ತೀರಿ? ಒಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು ಬರಬೇಕಾದವರು ಅವರು. ಬರದಿದ್ದರೆ ನೀವೇ ಫೋನ್ ಮಾಡಿ. ಕೈಬರಹ ಓದುವಂತಿರಲಿ. ಓಟಿಗೆ ಹೋಗುವ ಮುಂಚೆ ತಿಂಡಿ ತಿನ್ನಿ. ಹಸಿದ ಕೈ ಸೂಕ್ಷ್ಮದರ್ಶಕದಡಿ ನಡುಗುತ್ತದೆ.

ನಿಮ್ಮಲ್ಲಿ ಹೆಚ್ಚಿನವರು ನರ ಹೊಲಿಯುವುದಿಲ್ಲ. ಆದರೆ ಕೈ ಕೊಯ್ದುಕೊಂಡವರು ಮೊದಲು ಬರುವುದು ನಿಮ್ಮ ಬಳಿಗೇ. ಒಂದೂವರೆ ವರ್ಷದೊಳಗೆ ನರ ತಲುಪದಿದ್ದರೆ ಸ್ನಾಯು ಬಹುಮಟ್ಟಿಗೆ ಕೈಕೊಡುತ್ತದೆ. ಆಮೇಲೆ ಯಾವ ಕೊಬ್ಬೂ ಕಾಪಾಡದು. ಆದ್ದರಿಂದ ಮರಗಟ್ಟಿಸುವ ಸೂಜಿ ಚುಚ್ಚುವ ಮೊದಲೇ ಪ್ರತಿ ಬೆರಳತುದಿಯನ್ನೂ ಮುಟ್ಟಿ, ‘ಗೊತ್ತಾಗುತ್ತಾ?’ ಎಂದು ಕೇಳಿ. ಇಲ್ಲ ಎಂದರೆ ಚರ್ಮ ಹೊಲಿದು ಮನೆಗೆ ಕಳಿಸಬೇಡಿ. ಅಂದೇ ನಮ್ಮಂಥವರ ಹತ್ತಿರ ಕಳಿಸಿ.