ಕೊನೆಯ ಹೊಲಕ್ಕೂ ನೀರು ಬರಲಿ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಭಾಷಣ ನಮ್ಮ ಕಸುಬಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ಬಂದವರು ನಾವು. ತಪ್ಪಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ನಮ್ಮ ಮಕ್ಕಳು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆ ಖೋಲಿ ಹಿಡಿದು ಓದುತ್ತಾರೆ. ಜೋಳದ ಹಿಟ್ಟು, ಶೇಂಗಾ ಹಿಂಡಿ ಕೊಟ್ಟು ಬರಲು ಹೋದಾಗ ಮನೆ ಮಾಲಕರಾದ ನಿವೃತ್ತ ಮಾಸ್ತರರು ಕೇಳಿದರು: "ದಿಲ್ಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಕಲಬುರಗಿಗೆ ಅಧಿಕಾರ ಬಂದದ. ನಿಮ್ಮೂರಿಗೆ ಬಂದದೇನ್ರಿ?" ನಮಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಭಾಗ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಕೈಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕನ್ನಡ ನಾಡಿಗೆ ಸೇರಿತು. ಮೊದಲು ಹೈದರಾಬಾದು, ಆಮೇಲೆ ಬೆಂಗಳೂರು. ರಾಜಧಾನಿ ಬದಲಾದರೂ ನಮ್ಮ ಅರ್ಜಿ ನಡೆಯುವ ದಾರಿ ಕಡಿಮೆಯಾಗಲಿಲ್ಲ. ವೈಜನಾಥ ಪಾಟೀಲರಂಥ ಹಿರಿಯರು ವರ್ಷಾನುಗಟ್ಟಲೆ ಹೋರಾಡಿದರು. 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಮಾಡಿ 371(ಜೆ) ವಿಧಿ ಕೊಟ್ಟಿತು. ಓದಿಗೆ, ನೌಕರಿಗೆ ಮೀಸಲು ಬಂತು. ಕಲಬುರಗಿಯಲ್ಲಿ ಅಭಿವೃದ್ಧಿ ಮಂಡಳಿ ಆಯಿತು. 2023-24ರ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಿಸಿದರು. 2018ರಲ್ಲಿ ಕಮಲಾಪುರ ತಾಲೂಕಾಯಿತು. ಇವೆಲ್ಲ ಸಣ್ಣ ಮಾತಲ್ಲ.

ಆದರೆ ಕಾಲುವೆಗೆ ನೀರು ಬಿಟ್ಟರೆ ಸಾಲದು, ಕೊನೆಯ ಹೊಲ ಮುಟ್ಟಬೇಕು. 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯ್ದೆ ಎರಡೂ ಬಂದವು. ಆದರೂ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗದೆ ಅಧಿಕಾರಿಗಳೇ ಆಡಳಿತ ನಡೆಸಿದರು. ನೀರು ನಡುವೆಯೇ ಇಂಗಿತು.

ನಮ್ಮ ಸಂಘಕ್ಕೂ ಈ ಮಾತು ತಟ್ಟುತ್ತದೆ. ಸಹಕಾರ ಸಂಘ ರಾಜ್ಯ ಪಟ್ಟಿಯ ವಿಷಯ. 2011ರಲ್ಲಿ ಸಂಸತ್ತು 97ನೇ ತಿದ್ದುಪಡಿ ಮಾಡಿ ನಿರ್ದೇಶಕರು 21ಕ್ಕಿಂತ ಹೆಚ್ಚಿರಬಾರದು, ಅವಧಿ 5 ವರ್ಷ ಎಂದು ದೇಶಕ್ಕೆಲ್ಲ ಒಂದೇ ಕಟ್ಟಳೆ ಮಾಡಿತು. ಕಟ್ಟಳೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೆದಿರಲಿಲ್ಲ. ಆ ಕಾರಣಕ್ಕೆ 2021ರ ಜುಲೈ 20ರಂದು ಸುಪ್ರೀಂ ಕೋರ್ಟು, ರಾಜ್ಯದೊಳಗಿನ ಸಂಘಗಳಿಗೆ ಅದು ಅನ್ವಯಿಸುವುದಿಲ್ಲ ಎಂದಿತು. ಒಳ್ಳೆಯದು ಮಾಡುವುದಾದರೂ ಕೇಳಿ ಮಾಡಬೇಕು ಅನ್ನೋದೇ ಅದರ ತಿರುಳು.

ಈಗ ನಮ್ಮದೇ ತಪ್ಪು ಒಪ್ಪಿಕೊಳ್ಳುತ್ತೇವೆ. ಗೊಬ್ಬರದ ಗೋದಾಮು ಎಲ್ಲಿ ಕಟ್ಟಬೇಕು ಅನ್ನೋ ವಿಷಯ ಸಾಮಾನ್ಯ ಸಭೆ ಮುಂದೆ ಇತ್ತು. ಕೋರಂ ಆಗಲಿಲ್ಲ. ತಾಸುಗಟ್ಟಲೆ ಕಾದು ಸಭೆ ಮುಂದೂಡಿದೆವು. ಕಡೆಗೆ ನಾವು ನಿರ್ದೇಶಕರಷ್ಟೇ ಕೂತು ಜಾಗ ಗೊತ್ತು ಮಾಡಿದೆವು. ಬುನಾದಿ ತೋಡುವಾಗ ಆ ದಾರಿ ಹಿಡಿದು ದಿನಾ ಹೊಲಕ್ಕೆ ಹೋಗುವ ಒಬ್ಬ ತಾಯಿ ನಿಂತು, "ಮಳಿಗಾಲದಾಗ ಇಲ್ಲಿ ಮಳಕಾಲುದ್ದ ನೀರು ನಿಲ್ಲತಾವ ಯಪ್ಪಾ. ನಮಗ ಒಂದ್ ಮಾತು ಕೇಳಬಾರದಾ?" ಅಂದರು. ಆ ದಿನ ನಮಗೆ ನಾಚಿಕೆಯಾಯಿತು. ದಿಲ್ಲಿ, ಬೆಂಗಳೂರಿನವರು ನಮ್ಮನ್ನು ಕೇಳೋದಿಲ್ಲ ಅಂತ ಕಟ್ಟೆ ಮೇಲೆ ಕೂತು ಬೈತೀವಿ. ಊರೊಳಗೆ ನಾವೇ ದಿಲ್ಲಿಯಾಗಿದ್ದೆವು. ತೋಡಿದ್ದನ್ನು ಮುಚ್ಚಿಸಿ, ಸಭೆ ಕರೆದು ಬೇರೆ ಜಾಗ ನೋಡಿದೆವು. ಮುಚ್ಚಿಸಿದ ಖರ್ಚು ಸಂಘದ ಲೆಕ್ಕದಲ್ಲಿದೆ, ಯಾರಾದರೂ ನೋಡಬಹುದು.

ಮಾಸ್ತರರಿಗೆ ನಮ್ಮ ಉತ್ತರ ಇಷ್ಟೆ: ಅಧಿಕಾರ ಊರ ಬಾಗಿಲ ತನಕ ಬಂದದ, ಒಳಗೆ ಕರೆಯುವುದು ನಮ್ಮ ಕೆಲಸ. ಆದ್ದರಿಂದ ಕೈಮುಗಿದು ಕೇಳುತ್ತೇವೆ. ಸಾಮಾನ್ಯ ಸಭೆಗೆ ಬರ್ರಿ, ಗ್ರಾಮ ಸಭೆಗೆ ಹೋಗ್ರಿ, ಲೆಕ್ಕ ಕೇಳ್ರಿ, ತಾಯಂದಿರನ್ನು ಮುಂದೆ ಕೂಡಿಸ್ರಿ. ಕೇಳಿದರೆ ನಾವು ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಮುಂದಿನ ಚುನಾವಣೆಯಲ್ಲಿ ನಮ್ಮನ್ನು ಮನೆಗೆ ಕಳಿಸ್ರಿ.

 ಜೈ ಕರ್ನಾಟಕ, ಜೈ ಸಹಕಾರ.